ಯಾವ ಲೈನು ಮಾರಾಯ್ರೆ?

ಜುಲೈ ಮಳೆಯಲ್ಲಿ ಕೊಡಗಿನವರು “ಲೈನ್ ಹೋಯ್ತು” ಅಂದರೆ ಎಲ್ಲೋ ಸಿಲ್ವರ್ ಓಕ್ ಮರ ಮುರಿದು ತಂತಿಯ ಮೇಲೆ ಬಿದ್ದಿದೆ, ಕರೆಂಟಿಲ್ಲ ಎಂದರ್ಥ. “ಲೈನಿಗೆ ಹೋದ” ಅಂದರೆ ತೋಟದ ಕಾರ್ಮಿಕರ ಸಾಲುಮನೆಗೆ ಹೋದ. “ಲೈನ್ ಹೊಡೀತಿದ್ದಾನೆ” ಅಂದರೆ ಮಾತ್ರ ಸ್ವಲ್ಪ ಕಷ್ಟ: ಕಾಫಿ ನೆಡಲು ಗುರುತು ಹಾಕುತ್ತಿರಬಹುದು, ಹುಡುಗಿಯೊಬ್ಬಳ ಹಿಂದೆ ಬಿದ್ದಿರಲೂಬಹುದು. ಕೈಯಲ್ಲಿರುವುದು ಗೂಟವೋ ಬಾಚಣಿಗೆಯೋ ನೋಡಿ ತೀರ್ಮಾನಿಸಬೇಕು. ಈ ಜಿಲ್ಲೆಯಲ್ಲಿ ಇಲ್ಲದಿರುವುದು ರೈಲ್ವೆ ಲೈನ್ ಒಂದೇ.

ಇಷ್ಟೆಲ್ಲ ಅವಾಂತರದ ಬೇರು ಅಗಸೆ ಗಿಡದಲ್ಲಿದೆ. ಲ್ಯಾಟಿನ್ನಿನಲ್ಲಿ ಅಗಸೆ ಎಂದರೆ ಲೀನಂ, ಅದರ ನಾರಿನ ದಾರ ಲೀನಿಯಾ. ದಾರ ಬಿಗಿಯಾಗಿ ಎಳೆದರೆ ಗೆರೆ. ಗೆರೆಯುದ್ದಕ್ಕೂ ಮನೆ ಕಟ್ಟಿದರೆ ಸಾಲು. ಲಿನನ್ ಬಟ್ಟೆ, ಕೋಟಿನ ಲೈನಿಂಗು, ಲಿನ್‌ಸೀಡ್ ಎಣ್ಣೆ, ನೆಲಕ್ಕೆ ಹಾಸುವ ಲಿನೋಲಿಯಂ, ಕೊನೆಗೆ ಬಾಯಿಬಿಟ್ಟು ಹೇಳಲು ನಾಚುವ ಲಾಂಜರಿಯೂ (ಹೆಂಗಸರ ಒಳಉಡುಪು) ಇದೇ ಮನೆತನ. ಡೆಡ್‌ಲೈನ್ ಕ್ರೂರ ನೆಂಟ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ವೇಳೆ, ಆಂಡರ್ಸನ್‌ವಿಲ್ ಸೆರೆಶಿಬಿರದ ಗೋಡೆಯ ಒಳಬದಿಗೆ ಒಂದು ಮರದ ಬೇಲಿಯಿತ್ತು, ಅದರ ಹೆಸರೇ ಡೆಡ್‌ಲೈನ್. ಅದನ್ನು ದಾಟಿದ ಕೈದಿಗೆ ಗುಂಡು. “ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಮೊದಲೇ ಮುಗಿಸಿಕೊಡ್ತೇನೆ” ಅನ್ನುವ ಗುತ್ತಿಗೆದಾರರು ಅಲ್ಲಿ ಹುಟ್ಟದಿದ್ದದ್ದು ಅವರ ಪುಣ್ಯ.

ಮೂಲ ಅರ್ಥದಲ್ಲೇ, ಅಂದರೆ ಹಗ್ಗವಾಗಿಯೇ, ಲೈನು ಇನ್ನೂ ಉಳಿದಿರುವುದು ತೋಟದಲ್ಲಿ. ಎಡವಟ್ಟು ಆಗುವುದೂ ಅಲ್ಲೇ. ಅರೇಬಿಕಾ ಕಾಫಿಗೆ 6 ಅಡಿಗೆ 6 ಅಡಿ ಹಿಡಿದರೆ ಎಕರೆಗೆ 1210 ಗಿಡ. ರೊಬಸ್ಟಾಗೆ 10ಕ್ಕೆ 10, ಸುಮಾರು 435. ಮೊದಲು ಒಂದು ಮೂಲಗೆರೆ. ಅದಕ್ಕೆ ಸರಿಯಾದ ಚೌಕ ಮೂಲೆ (90 ಡಿಗ್ರಿ) ಹಿಡಿಯಲು ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಅಳೆದು, ಅವೆರಡರ ತುದಿಗಳ ನಡುವೆ ಸರಿಯಾಗಿ 5 ಬಂತೇ ನೋಡಬೇಕು. ಕಣ್ಣಂದಾಜು ಎಂಬ ಉಪಕರಣವನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಇನ್ನು ಹಗ್ಗ. ಅಳತೆಗೆ ಗಂಟು ಹಾಕಿದರೆ ಗಂಟೇ ಹಗ್ಗ ನುಂಗುತ್ತದೆ; ಎಳೆಗಳ ಹುರಿ ಬಿಡಿಸಿ ಕೆಂಪು ಬಟ್ಟೆಯ ಚೂರು ತೂರಿಸಬೇಕು. ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆಗೆ, ನೆನೆದ ಹತ್ತಿ ಹಗ್ಗ ಕುಗ್ಗುತ್ತದೆ. ನೈಲಾನಾದರೋ ಎಳೆಯುವವನ ತೋಳಬಲ ನೋಡಿಕೊಂಡು ಹಿಗ್ಗುತ್ತದೆ. ಒಂದು ಅಂತರಕ್ಕೆ ಒಂದೇ ಇಂಚು ಹೆಚ್ಚಾದರೂ 25ನೇ ಗೂಟದ ಹೊತ್ತಿಗೆ 2 ಅಡಿ ಆಚೆ! ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಅಂಟಿಸಿ ಅಳೆದರೆ ಇನ್ನೊಂದು ಮೋಸ. ಅದನ್ನು ಮಟ್ಟವಾಗಿ ಎತ್ತಿ ಹಿಡಿಯಬೇಕು, ಕೆಳಗೆ ನಿಂತವನ ಕೈ ಸೋತರೂ ಸರಿ.

ಇದ್ಯಾವುದೂ ಆ ದಿನ ಗೊತ್ತಾಗುವುದಿಲ್ಲ. ಗೂಟ ಸಾಲಾಗಿಯೇ ಕಾಣುತ್ತದೆ, ಒಂದೂವರೆ ಅಡಿ ಗುಂಡಿ ತೆಗೆಯುತ್ತಾರೆ, ಜೂನಿನಲ್ಲಿ ಗಿಡ ಕೂರುತ್ತದೆ. ಮೂರು ವರ್ಷ ಕಳೆದು ಗಿಡ ಎದ್ದು ನಿಂತಾಗ ಸಾಲು ಕೇರೆಹಾವಿನಂತೆ ಹರಿದಿರುತ್ತದೆ. ಮೇಸ್ತ್ರಿಯನ್ನು ಕರೆಯಲು ಫೋನ್ ಮಾಡಿದರೆ ಲೈನ್ ಬ್ಯುಸಿ. ಸಿಕ್ಕಿದರೂ ಒಂದೇ ಮಾತು: “ನಾನು ಇದ್ದಾಗ ಲೈನ್ ಸರಿ ಇತ್ತು.”

ಯಾವ ಲೈನು ಅಂತ ಮಾತ್ರ ಹೇಳುವುದಿಲ್ಲ.