ಕೂರ್ಶೆವೆಲ್‌ನಲ್ಲಿ ಹೊಟ್ಟೆಪಾಡು

ಫ್ರಾನ್ಸಿನ ಆಲ್ಪ್ಸ್‌ನಲ್ಲಿರುವ ಸ್ಕೀ ತಾಣ ಕೂರ್ಶೆವೆಲ್‌ನಲ್ಲಿ ಊಟದ ಬೆಲೆ ತಿಳಿಯಲು ಮೆನು ನೋಡಬೇಕಾಗಿಲ್ಲ, ಊರಿನ ಹೆಸರು ಕೇಳಿದರೆ ಸಾಕು. ಒಂದೇ ಬೆಟ್ಟದ ಮೈಗೆ ಅಂಟಿಕೊಂಡ ಈ ಹಳ್ಳಿಗಳಿಗೆ ಬೇರೆ ಹೆಸರಿದ್ದರೂ ಜನ ಇವತ್ತಿಗೂ ಎತ್ತರದ ಅಂಕಿ ಹಿಡಿದೇ ಕರೆಯುತ್ತಾರೆ. ಲ ಪ್ರಾ ಅಂದರೆ 1300, ವಿಲೇಜ್ ಅಂದರೆ 1550, ಮೋರಿಯೋಂ ಅಂದರೆ 1650, ಎಲ್ಲಕ್ಕೂ ಮೇಲೆ 1850. ಅಂಕಿ ಏರಿದ ಹಾಗೆ ಬಿಲ್ಲೂ ಏರುತ್ತದೆ. ತಮಾಷೆಯೆಂದರೆ 1850ರ ಅಸಲಿ ಎತ್ತರ 1747 ಮೀಟರ್ ಅಷ್ಟೇ. ಕಮ್ಮಿ ಬಿದ್ದ 103 ಮೀಟರನ್ನು ಗಿರಾಕಿಯ ಜೇಬಿನಿಂದ ಭರ್ತಿ ಮಾಡಿಕೊಳ್ಳುತ್ತಾರೆ.

1850 ಎಂಬ ಆ ಮೇಲಿನ ಹಳ್ಳಿಯ ಶ್ವಾಲ್ ಬ್ಲಾಂ ಹೋಟೆಲಿನೊಳಗೆ 'ಲ 1947' ಎಂಬ ರೆಸ್ಟೋರೆಂಟ್ ಇದೆ. ಇದಕ್ಕೆ 2017ರಲ್ಲಿ, ರೆಸ್ಟೋರೆಂಟುಗಳನ್ನು ತಾರೆ ಹಾಕಿ ಅಳೆಯುವ ಮಿಶೆಲಿನ್ ಕೈಪಿಡಿ ಮೂರು ತಾರೆ ಕೊಟ್ಟಿತು. ಇಲ್ಲಿನ ಅಂಕಿ ಎತ್ತರದ್ದಲ್ಲ, ಒಂದು ವೈನಿನ ವರ್ಷದ್ದು. ಅಲ್ಲಿ ಒಬ್ಬರ ಊಟಕ್ಕೇ ನೂರಾರು ಯೂರೋ ಬೇಕು, ಅದನ್ನು ರೂಪಾಯಿಗೆ ಗುಣಿಸುತ್ತಾ ಕೂರುವವರು ಹೋಗದಿರುವುದೇ ಕ್ಷೇಮ. ಗುಣಾಕಾರ ನಡೆಯುತ್ತಿದ್ದರೆ ನಾಲಿಗೆಗೆ ರುಚಿ ಹತ್ತುವುದಿಲ್ಲ.

ಉಳಿಯುವುದು ಎಲ್ಲಾದರೂ ಆಗಲಿ, ರಾತ್ರಿ ಉಣ್ಣುವುದಕ್ಕೆ ಕೆಳಗಿಳಿಯಿರಿ. 1992ರ ಚಳಿಗಾಲದ ಒಲಿಂಪಿಕ್ಸಿನ ಸ್ಕೀ ಜಂಪ್ ನಡೆದ ಲ ಪ್ರಾ ಇನ್ನೂ ಹಳ್ಳಿಯ ಹಾಗೇ ಇದೆ. ಮೇಲಿನವರ ಮುಂದೆ ಅಲ್ಲಿನ ಊಟದ ಬೆಲೆ ಸಾಧು. ಹಳ್ಳಿಗಳ ನಡುವೆ ಓಡಾಡುವ ಬಸ್ಸಿಗೆ ಟಿಕೆಟ್ ಇಲ್ಲ, ಪೂರಾ ಪುಕ್ಕಟೆ. ಇಳಿದ ಕೂಡಲೇ ನಿಲ್ದಾಣದ ಫಲಕದಲ್ಲಿರುವ ಕೊನೆಯ ಬಸ್ಸಿನ ಹೊತ್ತನ್ನು ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಚೀಸ್ ತಿಂದ ಮೇಲೆ ಯಾರಿಗೂ ಗಡಿಯಾರದ ನೆನಪಿರುವುದಿಲ್ಲ, ಕೆಳಗೆ ಉಳಿಸಿದ್ದನ್ನು ಟ್ಯಾಕ್ಸಿಗೆ ಸುರಿದು ಮೇಲೆ ಬರಬೇಕಾಗುತ್ತದೆ.

ಗಡಿಯಾರದ್ದೇ ಇಲ್ಲಿ ದೊಡ್ಡ ಕಾಟ. ನಮ್ಮ ದರ್ಶಿನಿಗಳ ಹಾಗೆ ಮೂರೂವರೆಗೆ ಹೋಗಿ "ಏನಿದೆ?" ಎಂದು ಕೇಳುವಂತಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಎರಡು, ಹೆಚ್ಚೆಂದರೆ ಎರಡೂವರೆ. ಆಮೇಲೆ ಅಡುಗೆಮನೆಯ ಒಲೆ ಆರಿದರೆ ಮತ್ತೆ ಹೊತ್ತುವುದು ಸಂಜೆ ಏಳಕ್ಕೆ. ನಡುವಿನ ಹೊತ್ತಿನಲ್ಲಿ ಬೇಕರಿಯ ಸ್ಯಾಂಡ್‌ವಿಚ್ಚೋ ಕ್ರೆಪ್ ಎಂಬ ತೆಳು ದೋಸೆಯೋ ಸಿಕ್ಕರೆ ಅದೃಷ್ಟ. ಸ್ಕೀ ಜಾಡಿನ ಪಕ್ಕದ ರೆಸ್ಟೋರೆಂಟುಗಳಲ್ಲಿ ಎರಡು ಪಂಕ್ತಿ ಇರುವುದೂ ಉಂಟು, ಹನ್ನೆರಡರದ್ದೊಂದು, ಒಂದೂವರೆಯ ಸುಮಾರಿನದ್ದೊಂದು. ಮೊದಲನೆಯದನ್ನೇ ಹಿಡಿಯಿರಿ. ಎರಡನೆಯದರಲ್ಲಿ ಮುಂದಿನವರು ಕಾಫಿ ಮುಗಿಸಿ ಏಳುವುದನ್ನೇ ಕಾಯುತ್ತಾ ಹಿಮದಲ್ಲಿ ನಿಂತಿರಬೇಕು. ಫೆಬ್ರವರಿಯ ಶಾಲಾ ರಜೆಯಲ್ಲಿ ಮೊದಲೇ ಟೇಬಲ್ ಕಾದಿರಿಸದೆ ಹೋಗುವುದು ಬೇಡ. ಶನಿವಾರ ಮಾತ್ರ ಆರಾಮ. ಅವತ್ತು ವಾರದ ಬಾಡಿಗೆಯವರು ಮನೆ ಖಾಲಿ ಮಾಡಿ ಹೊಸಬರು ಬರುವ ದಿನ, ಬೆಟ್ಟವೂ ಖಾಲಿ, ಟೇಬಲ್ಲೂ ಖಾಲಿ.

ಸ್ಕೀ ಬಾರದವರು ಉಪವಾಸ ಬೀಳಬೇಕಾಗಿಲ್ಲ. ಮೋರಿಯೋಂನಿಂದ ಆರಿಯೋಂದಾ ಗೊಂಡೋಲಾ ಹತ್ತಿದರೆ ಮೇಲೆ ಬೆಲ್ ಏರ್ ಸಿಗುತ್ತದೆ. ಬಿಸಿಲಿಗೆ ಮುಖ ಮಾಡಿದ ಕಟ್ಟೆ, ಎದುರಿಗೆ ಕಣಿವೆ. ಸಣ್ಣ ವಿಮಾನಗಳು ಇಳಿಯುವ ಆಲ್ಟಿಪೋರ್ಟಿನ ಹತ್ತಿರ ಕ್ಯಾಪ್ ಹಾರ್ನ್ ಇದೆ, ಅಲ್ಲಿಗೆ ಕಾರೂ ಹೋಗುತ್ತದೆ. ಬರೇ 537 ಮೀಟರಿನ ಇಳಿಜಾರು ರನ್‌ವೇಯಲ್ಲಿ ವಿಮಾನ ಇಳಿಯುವುದನ್ನು ನೋಡಿಯಾದ ಮೇಲೆ ಬಿಲ್ ನೋಡುವ ಧೈರ್ಯ ಬಂದರೂ ಬರಬಹುದು.

ಬೆಟ್ಟದ ಮೇಲಿನ ರೆಸ್ಟೋರೆಂಟಿನಲ್ಲಿ ಮೊದಲ ಪರೀಕ್ಷೆ ಊಟದ್ದಲ್ಲ, ಶೌಚಾಲಯದ್ದು. ಅದು ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿರುತ್ತದೆ, ಮೆಟ್ಟಿಲು ಕಡಿದು, ನೆಲಕ್ಕೆ ಟೈಲ್ಸು. ನಿಮ್ಮ ಕಾಲಲ್ಲಿರುವುದು ಗಟ್ಟಿ ಪ್ಲಾಸ್ಟಿಕ್ಕಿನ ಸ್ಕೀ ಬೂಟು, ಅದರೊಳಗೆ ಕಣಕಾಲು ಮಡಚುವುದೇ ಇಲ್ಲ. ಬೂಟಿನಡಿ ಮೆತ್ತಿದ ಹಿಮ ಟೈಲ್ಸಿನ ಮೇಲೆ ನೀರಾಯಿತೆಂದರೆ ಹೊರಗೆ ಕಲಿಯದ ಸ್ಕೀಯಿಂಗನ್ನು ಒಳಗೆ ಕಲಿಯುತ್ತೀರಿ. ಬಾಗಿಲಲ್ಲೇ ಎರಡೂ ಕಾಲನ್ನು ಜೋರಾಗಿ ಬಡಿದು ಹಿಮ ಉದುರಿಸಿ. ಮೇಲಿನ ಎರಡು ಬಕಲ್ ಮತ್ತು ಪಟ್ಟಿ ಸಡಿಲಿಸಿ. ಕಂಬಿ ಹಿಡಿದು ಅಡ್ಡಡ್ಡ ತಿರುಗಿ, ಇಡೀ ಬೂಟು ಮೆಟ್ಟಿಲ ಮೇಲೆ ಕೂತ ಮೇಲೆಯೇ ಮುಂದಿನ ಕಾಲು ಕೆಳಗಿಡಿ. ಇದೆಲ್ಲ ಆಗಬೇಕಾದ್ದು ಆರ್ಡರ್ ಕೊಡುವ ಮೊದಲು, ಸೂಪು ಟೇಬಲ್ಲಿಗೆ ಬಂದ ಮೇಲಲ್ಲ.

ಹೊರಗೆ ಸ್ಕೀ ನಿಲ್ಲಿಸುವುದರಲ್ಲೂ ಒಂದು ಉಪಾಯವಿದೆ. ಜೋಡಿಯನ್ನು ಬೇರ್ಪಡಿಸಿ ಒಂದನ್ನು ಈ ತುದಿಗೆ, ಇನ್ನೊಂದನ್ನು ಆ ತುದಿಗೆ ನಿಲ್ಲಿಸಬೇಕು. ಬಾಡಿಗೆ ಸ್ಕೀಗಳೆಲ್ಲ ಒಂದೇ ಮುಖದವು, ಹೊಟ್ಟೆ ತುಂಬಿದವರು ಕೈಗೆ ಸಿಕ್ಕ ಜೋಡಿ ಎತ್ತಿಕೊಂಡು ಹೊರಡುತ್ತಾರೆ. ಇನ್ನೊಬ್ಬರ ಬೂಟಿನ ಉದ್ದಕ್ಕೆ ಹೊಂದಿಸಿದ ಬೈಂಡಿಂಗು ನಿಮ್ಮ ಬೂಟನ್ನು ಕಚ್ಚುವುದಿಲ್ಲ, ನಡೆದೇ ಇಳಿಯಬೇಕಾಗುತ್ತದೆ. ಪಕ್ಕದ ಕಣಿವೆಯ ಮೆರಿಬೆಲ್‌ಗೆ ಊಟಕ್ಕೆ ಹೋದವರು ವಾಪಸು ದಾಟಿಸುವ ಕೊನೆಯ ಲಿಫ್ಟಿನ ಹೊತ್ತು ನೋಡಿಕೊಂಡೇ ಸಿಹಿ ತರಿಸಬೇಕು. ಅದು ತಪ್ಪಿದರೆ ಟ್ಯಾಕ್ಸಿಯೇ ಗತಿ.

ಇನ್ನು ಸಸ್ಯಾಹಾರಿಗಳ ಪಾಡು. ಕೂರ್ಶೆವೆಲ್ ಇರುವ ಸವೋಯ್ ಸೀಮೆಯ ಅಡುಗೆ ಎಂದರೆ ಆಲೂಗಡ್ಡೆ, ಚೀಸ್, ಬ್ರೆಡ್ಡು, ನೋಡಲು ಎಲ್ಲವೂ ಶುದ್ಧ. ಆದರೆ ಟಾರ್ಟಿಫ್ಲೆಟ್‌ನಲ್ಲಿ ಆಲೂಗಡ್ಡೆ, ಈರುಳ್ಳಿ, ರೆಬ್ಲೋಶೋಂ ಚೀಸಿನ ನಡುವೆ ಹಂದಿಮಾಂಸದ ಚೂರುಗಳು ಅಡಗಿರುತ್ತವೆ. "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು. ಎಷ್ಟೋ ಮಾಣಿಗಳ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ. "ಸಾಂ ಲಾರ್ದೋಂ", ಅಂದರೆ ಆ ಹಂದಿ ಚೂರು ಬೇಡ ಎಂದು ಹೆಸರು ಹಿಡಿದೇ ಹೇಳಬೇಕು. ಈರುಳ್ಳಿ ಸೂಪಿನ ತಳದಲ್ಲಿ ಸಾಮಾನ್ಯವಾಗಿ ದನದ ಮೂಳೆಯ ಸಾರಿರುತ್ತದೆ. ಕರಗಿಸಿದ ಚೀಸನ್ನು ಆಲೂಗಡ್ಡೆಯ ಮೇಲೆ ಸುರಿದುಕೊಳ್ಳುವ ರಾಕ್ಲೆಟ್ ತರಿಸುವಾಗ ಜೊತೆಗೆ ಬರುವ ಮಾಂಸದ ತಟ್ಟೆ ಬೇಡವೆನ್ನಿ, ಉಪ್ಪಿನಕಾಯಿ ಸೌತೆ ಇನ್ನಷ್ಟು ಕೇಳಿ. ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು: ಬೊಫೋರ್, ರೆಬ್ಲೋಶೋಂ ಚೀಸ್ ಎರಡಕ್ಕೂ ಹಾಲು ಒಡೆಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಅದೂ ಆಗದವರಿಗೆ ಅಣಬೆ ಪಾಸ್ತಾವೋ ತರಕಾರಿ ಪಿಜ್ಜಾವೋ ಇರುತ್ತದೆ, ಆದರೆ ಮೇಲೆ ಚೀಸ್ ಉದುರಿಸದಂತೆ ಕಾವಲು ಕೂರಬೇಕು.

ಕರಗಿಸಿದ ಚೀಸಿನಲ್ಲಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯೂನಲ್ಲಿ ಮಾಂಸವಿಲ್ಲ, ಬಿಳಿ ವೈನ್ ಇದೆ, ಕೆಲವೊಮ್ಮೆ ಕಿರ್ಶ್ ಎಂಬ ಚೆರ್ರಿ ಮದ್ಯವೂ ಇದೆ. ಮೆನುವಿನಲ್ಲಿ ಬೆಲೆಯ ಪಕ್ಕ ಸಣ್ಣಕ್ಷರದಲ್ಲಿ "ಕನಿಷ್ಠ ಇಬ್ಬರಿಗೆ" ಎಂದಿರುತ್ತದೆ, ಬರೆದ ಬೆಲೆ ತಲಾ ಒಬ್ಬರದ್ದು. ಒಂಟಿಯಾಗಿ ಹೋದವರು ಟಾರ್ಟಿಫ್ಲೆಟ್‌ಗೇ ತೃಪ್ತರಾಗಬೇಕು. ತಲೆಗೆ ಸುಮಾರು 200 ಗ್ರಾಂ ಚೀಸ್ ಬೀಳುತ್ತದೆ, ಅದಕ್ಕೆ ಹಸಿವು ಜೋರಿದ್ದರೂ ಮೊದಲು ಬೇರೇನೂ ತರಿಸಬೇಡಿ. ಬ್ರೆಡ್ಡಿನ ತುಂಡನ್ನು ಮೆತ್ತನೆಯ ಕಡೆಯಿಂದ ಚುಚ್ಚಿ ಸಿಪ್ಪೆಯ ಮೂಲಕ ಕಡ್ಡಿ ಹೊರಬರುವಂತೆ ಸಿಕ್ಕಿಸಿದರೆ ಬೀಳುವುದಿಲ್ಲ. ಪಾತ್ರೆಯ ತಳ ಮುಟ್ಟಿ ಇಂಗ್ಲಿಷಿನ ಎಂಟು ಬರೆದ ಹಾಗೆ ತಿರುಗಿಸುತ್ತಿರಿ. ಉರಿ ಜಾಸ್ತಿಯಾದರೆ ಚೀಸ್ ಒಡೆದು ಎಣ್ಣೆ ಬೇರೆ, ಉಂಡೆ ಬೇರೆ ಆಗುತ್ತದೆ. ಆಗ ಉರಿ ತಗ್ಗಿಸಿ ಒಂದೆರಡು ಹನಿ ನಿಂಬೆರಸ ಬಿಟ್ಟು ಕಲಕಿದರೆ ಮತ್ತೆ ಕೂಡಿಕೊಳ್ಳಬಹುದು. ತಳದಲ್ಲಿ ಹತ್ತಿದ ಸೀಕು ಇದ್ದರೆ ಬಿಡಬೇಡಿ, ಬಲ್ಲವರು ಜಗಳವಾಡುವುದೇ ಅದಕ್ಕೆ. ಜೊತೆಗೆ ನೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಕಲ್ಲಾಗುತ್ತದೆಂದು ಅಲ್ಲಿಯವರು ಹೆದರಿಸುತ್ತಾರೆ. ಆದರೆ 2010ರಲ್ಲಿ ಪ್ರಕಟವಾದ ಜ್ಯೂರಿಚ್ ವೈದ್ಯರ ಪ್ರಯೋಗದಲ್ಲಿ ಹೊಟ್ಟೆಯ ಕೆಲಸ ನಿಧಾನವಾದದ್ದು ವೈನ್ ಕುಡಿದವರದ್ದು, ಚಹಾ ಕುಡಿದವರದ್ದಲ್ಲ. ನಲ್ಲಿ ನೀರಿಗೆ ಫ್ರಾನ್ಸಿನಲ್ಲಿ ಊಟದ ಜೊತೆ ದುಡ್ಡಿಲ್ಲ, "ಯೂನ್ ಕರಾಫ್ ದೋ" ಎನ್ನಿ. ಬರೇ "ವಾಟರ್" ಎಂದರೆ ಬಾಟಲಿ ಬರುತ್ತದೆ, ಹಿಂದೆಯೇ ಬಿಲ್ಲಿನಲ್ಲೂ ಬರುತ್ತದೆ.

ಇದೆಲ್ಲ ಬೇಡವೆಂದು ನಮ್ಮವರು ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯುತ್ತಾರೆ. ಒಳ್ಳೆಯದೇ. ದಿನಸಿಯನ್ನು ಕೆಳಗೆ, ರೈಲು ನಿಲ್ಲುವ ಮೂಟಿಯೆ ಪೇಟೆಯಲ್ಲೇ ಕೊಂಡು ಹತ್ತಿ. ಆದರೆ ಮನೆಯಿಂದ ಹೊತ್ತು ತಂದ ಅಲ್ಯೂಮಿನಿಯಂ ಕುಕ್ಕರನ್ನು ಅಲ್ಲಿನ ಇಂಡಕ್ಷನ್ ಒಲೆ ಗುರುತೇ ಹಿಡಿಯುವುದಿಲ್ಲ. ತಳಕ್ಕೆ ಫ್ರಿಜ್ಜಿನ ಅಯಸ್ಕಾಂತ ಅಂಟುವ ಸ್ಟೀಲ್ ಕುಕ್ಕರ್ ಬೇಕು. ಕುಕ್ಕರ್ ಇಲ್ಲದೆ ತೊಗರಿಬೇಳೆಗೆ ಕೈ ಹಾಕಬೇಡಿ, ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಬೇಳೆ ಮಾತ್ರ ಕಲ್ಲು. ಹೆಸರುಬೇಳೆ ಸಾಕು, ಅವಲಕ್ಕಿಯಾದರೆ ಇನ್ನೂ ವಾಸಿ. ತುಪ್ಪ ಒಯ್ಯಬೇಡಿ, ಹೊರಗಿನ ಹಾಲಿನ ಪದಾರ್ಥವನ್ನು ಯುರೋಪಿನ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ.

ಫ್ರಾನ್ಸಿನಲ್ಲಿ 2015ರಿಂದ ಮನೆಮನೆಗೂ ಹೊಗೆ ಪತ್ತೆ ಮಾಡುವ ಯಂತ್ರ ಕಡ್ಡಾಯ. ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಬಿದ್ದ ಘಾಟಿಗೆ ಅದು ಬೊಬ್ಬೆ ಹೊಡೆದರೆ ಮೇಲಿನ ಮಹಡಿಯವರು ಕಂಬಳಿ ಹೊದ್ದು ಮೆಟ್ಟಿಲಿಗೆ ಬರುತ್ತಾರೆ. ಚಿಮಣಿ ಜೋರಾಗಿ ಹಾಕಿ, ಬಾಲ್ಕನಿ ಬಾಗಿಲು ತೆರೆದು, ಸಾಸಿವೆ ಸಿಡಿದ ಮೇಲೆ ಒಲೆ ಆರಿಸಿಯೇ ಮೆಣಸಿನಕಾಯಿ, ಇಂಗು ಹಾಕಬೇಕು. ಅದಕ್ಕಿಂತ ಸುಲಭ, ಊರಿನಿಂದ ಪುಳಿಯೋಗರೆ ಗೊಜ್ಜು ಒಯ್ಯುವುದು. ಅದನ್ನು ಬಟ್ಟೆಯ ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯವರ ಪಾಲಿಗೆ ಗೊಜ್ಜೂ ದ್ರವವೇ, ಡಬ್ಬಿ 100 ಮಿಲಿಲೀಟರ್ ದಾಟಿದ್ದರೆ ಬುಟ್ಟಿಗೆ.