ಡೈರಿ ಸಾಲಿನ ಮಾತು ನಡಾವಳಿ ಪುಸ್ತಕಕ್ಕೆ ಬರಲಿ

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತಲ್ಲ, ಅಷ್ಟೂ ದುಡ್ಡು ಉತ್ಪಾದಕರಿಗೇ ಸೇರುತ್ತೆ ಅಂತ ಸರ್ಕಾರ ಹೇಳಿತು. ಸಂತೋಷದ ಸುದ್ದಿಯೇ. ಆದರೆ ದಿನಾ ಎರಡು ಹೊತ್ತು ಹಾಲು ಹಾಕುವ ನಮಗೆ ಅದು ಗೊತ್ತಾಗಿದ್ದು ಟಿವಿ ನೋಡಿ. ಯಾವ ಬಟವಾಡೆಯಿಂದ ಸೇರುತ್ತೆ, ಹಾಲಿನ ಫ್ಯಾಟು (ಕೊಬ್ಬು), ಡಿಗ್ರಿ (ಗಟ್ಟಿತನ) ಕಮ್ಮಿ ಬಂದವರಿಗೂ ಅಷ್ಟೇ ಸಿಗುತ್ತಾ ಅಂತ ಡೈರಿಯಲ್ಲಿ ಕೇಳಿದರೆ ಕಾರ್ಯದರ್ಶಿ, "ಇನ್ನೂ ಸುತ್ತೋಲೆ ಬಂದಿಲ್ಲ ಕಣಕ್ಕಾ" ಅಂದರು. ಅವರನ್ನು ದೂರೋಕೆ ಆಗಲ್ಲ. ಅವರಿಗೇ ಯಾರೂ ಹೇಳಿರಲಿಲ್ಲ.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ಇಲ್ಲಿ ಹಾಲಿನ ಬಟವಾಡೆ ಬಂದ ಮೇಲೇ ಅಂಗಡಿ ಲೆಕ್ಕ ತೀರೋದು, ಮಕ್ಕಳ ಫೀಸು ಕಟ್ಟೋದು. ಹಾಸನದ ಒಕ್ಕೂಟ ಬೆಳೆದಿದ್ದು ಹಾಸನ, ಚಿಕ್ಕಮಗಳೂರು, ಕೊಡಗು ಮೂರು ಜಿಲ್ಲೆಯ ಹಾಲಿನಿಂದ. ಊರಲ್ಲಿ ಸಂಘ, ಹಾಸನದಲ್ಲಿ ಒಕ್ಕೂಟ, ಬೆಂಗಳೂರಲ್ಲಿ ಮಹಾಮಂಡಳಿ. ಹಾಲು ಮಾತ್ರ ಒಂದು ದಿನವೂ ತಪ್ಪದೆ ಊರಿಂದ ಮೇಲಕ್ಕೆ ಹೋಗುತ್ತೆ. ಹಾಲು ಹಾಕಿದವರ ಮಾತು ಹೋಗಲ್ಲ. ನನ್ನ ತಕರಾರು ಇರೋದು ಇಲ್ಲೇ.

ಇದರಿಂದ ಏನು ನಷ್ಟ ಅಂತ 2022ರಲ್ಲಿ ಕಣ್ಣಾರೆ ನೋಡಿದೆ. ಆ ವರ್ಷ ಚರ್ಮಗಂಟು ರೋಗ ಬಂತು. ಕಡೂರು ಕಡೆ ಇರುವ ನನ್ನ ಓರಗಿತ್ತಿಯ ತವರಿನಲ್ಲಿ ಕರೆಯೋ ಹಸು ಒಂದು ಮೈತುಂಬ ಗಂಟಾಗಿ, ಕಾಲು ಊದಿ, ಮೇವು ಬಿಟ್ಟು ಮಲಗಿಬಿಡ್ತು. ಎದ್ದೇಳಲಿಲ್ಲ. ನೊಣ, ಸೊಳ್ಳೆ, ಉಣ್ಣೆಯಿಂದ ಹರಡೋ ರೋಗ, ಪಕ್ಕದಲ್ಲೇ ಇನ್ನೊಂದು ಹಸು, ಕರು ಕಟ್ಟಿದೆ. ಹೆದರಿಕೊಂಡು ಅವತ್ತು ಸಂಜೆಯೇ ಗುಂಡಿ ತೋಡಿ ಸುಣ್ಣ, ಉಪ್ಪು ಹಾಕಿ ಹೂತರು. ಆಮೇಲೆ ಪರಿಹಾರದ ವಿಷಯ ಕಿವಿಗೆ ಬಿತ್ತು. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಅಂತ ಸರ್ಕಾರ ಘೋಷಿಸಿತ್ತು. ಕೇಳೋಕೆ ಹೋದಾಗ ಡಾಕ್ಟರ ವರದಿ ಎಲ್ಲಿ, ಕಿವಿಯೋಲೆ ನಂಬರು ಎಲ್ಲಿ ಅಂದರು. ಗುರುತಿಗೆ ಅಂತ ಹಸುವಿನ ಕಿವಿಗೆ ಹಾಕೋ ಹಳದಿ ಓಲೆಯ ಮೇಲೆ 12 ಅಂಕಿ ಇರುತ್ತಲ್ಲ, ಅದು ಹಸುವಿನ ಜೊತೆ ಮಣ್ಣಿನೊಳಗೆ ಹೋಗಿತ್ತು. ಆ ಮನೆಗೆ ಒಂದು ರೂಪಾಯಿಯೂ ಬರಲಿಲ್ಲ.

ಅವರು ಓದಿಲ್ಲದವರಲ್ಲ, ಉದಾಸೀನದವರೂ ಅಲ್ಲ. ಹೂಳುವ ಮುಂಚೆ ಡಾಕ್ಟರಿಗೆ ತಿಳಿಸಿ, ಓಲೆ ನಂಬರು ಕಾಣೋ ಹಾಗೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ ಅಂತ ಡೈರಿ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರೆ ಸಾಕಾಗ್ತಿತ್ತು. ಬೆಳಗ್ಗೆ ಸಂಜೆ ಊರಿನ ಅರ್ಧ ಮನೆಯವರು ಬಂದು ನಿಲ್ಲೋ ಜಾಗ ಅದು. ಗ್ರಾಮ ಪಂಚಾಯಿತಿಗಾಗಲಿ, ಪಶು ಆಸ್ಪತ್ರೆಗಾಗಲಿ ಈ ಸೌಕರ್ಯ ಇಲ್ಲ.

ಹಾಳೆಯೂ ಬೇಡ, ಚೀಟಿ ಇದೆಯಲ್ಲ. ಹಾಲು ಅಳೆದ ತಕ್ಷಣ ಮಿಷನ್ನಿಂದ ಬರೋ ಬೆರಳಗಲದ ಚೀಟಿ. ತಾರೀಕು, ಸದಸ್ಯರ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್‌ (ಕೊಬ್ಬು ಬಿಟ್ಟು ಹಾಲಿನಲ್ಲಿರೋ ಗಟ್ಟಿ ಅಂಶ), ದರ, ಮೊತ್ತ. ಅದನ್ನು ಓದದೆ ಬಿಸಾಡೋ ಹೆಂಗಸು ನಮ್ಮೂರಲ್ಲಿ ಒಬ್ಬಳೂ ಇಲ್ಲ. ಫ್ಯಾಟು 3.5 ಬಂತಾ, ಎಸ್‌ಎನ್‌ಎಫ್‌ 8.5 ಬಂತಾ ಅಂತ ನೋಡಿಕೊಂಡೇ ಕ್ಯಾನು ಎತ್ತೋದು. ಆ ಚೀಟಿಯ ಕೆಳಗೆ ಇನ್ನೊಂದು ಸಾಲು ಹಾಕೋಕೆ ಏನು ಕಷ್ಟ? "ಗುರುವಾರ ಕಾಲುಬಾಯಿ ಜ್ವರದ ಲಸಿಕೆ." "ಫೀಡಿನ ದರ 1ನೇ ತಾರೀಕಿಂದ ಬದಲು." "ಪ್ರೋತ್ಸಾಹಧನ ಇಂಥ ತಿಂಗಳವರೆಗೆ ಜಮಾ." ಇದಕ್ಕಿಂತ ಅಗ್ಗದ, ಇದಕ್ಕಿಂತ ಖಾತ್ರಿಯಾದ ದಾರಿ ನನಗಂತೂ ತೋಚಿಲ್ಲ.

ಮೊಬೈಲಿಗೆ ಮೆಸೇಜು ಬರುತ್ತಲ್ಲಾ ಅಂತೀರಿ. ಬರುತ್ತೆ, ಯಾರ ಮೊಬೈಲಿಗೆ? ನಮ್ಮನೆಯಲ್ಲಿ ಡೈರಿ ಸದಸ್ಯತ್ವದ ಷೇರು ಮಾವನವರ ಹೆಸರಲ್ಲಿದೆ. ಕೊಟ್ಟಿಗೆ ಬಾಚೋದು, ಮೇವು ಹಾಕೋದು, ಕರೆಯೋದು, ಡೈರಿಗೆ ಹೊರೋದು ನಾನು ಮತ್ತು ಅತ್ತೆ. ಎದುರು ಮನೆಯವರದ್ದು ಇನ್ನೂ ಕಷ್ಟ, ಅವರು ಕೊಟ್ಟಿರೋದು ಪೀಣ್ಯದಲ್ಲಿ ಕೆಲಸಕ್ಕಿರುವ ಮಗನ ನಂಬರು. ಲಸಿಕೆಯ ಮೆಸೇಜು ಫ್ಯಾಕ್ಟರಿ ಶಿಫ್ಟಿನಲ್ಲಿರುವ ಆ ಹುಡುಗನಿಗೆ ಹೋಗುತ್ತೆ. ಅವನು ರಾತ್ರಿ ಫೋನ್ ಮಾಡಿ ತಾಯಿಗೆ ಹೇಳೋ ಹೊತ್ತಿಗೆ ಲಸಿಕೆಯವರು ಮುಂದಿನ ಊರಿಗೆ ಹೋಗಿರ್ತಾರೆ. ಹಾಲು ಕರೆಯುವವರ ಹೆಸರಿಗೇ ಸದಸ್ಯತ್ವ ಕೊಡಿ, ಅವರ ನಂಬರನ್ನೇ ಬರೆದುಕೊಳ್ಳಿ. ಮಹಿಳಾ ಡೈರಿಗಳು ನಡೀತಾ ಇವೆಯಲ್ಲ, ಅಲ್ಲಿ ಸಾಧ್ಯವಾಗಿದ್ದು ಉಳಿದ ಕಡೆ ಯಾಕಾಗಲ್ಲ?

ಲಸಿಕೆ ವಿಷಯದಲ್ಲಿ ಇನ್ನೊಂದು ಮಾತು. ಚುಚ್ಚಿಸಿದ ಮೇಲೆ ಕೆಲವು ಹಸು ಎರಡು ಮೂರು ದಿನ ಹಾಲು ಕಮ್ಮಿ ಕೊಡ್ತವೆ. ಅದಕ್ಕೇ ಎಷ್ಟೋ ಜನ ಲಸಿಕೆಯವರು ಬಂದ ದಿನ ರಾಸುಗಳನ್ನು ತೋಟಕ್ಕೆ ಹೊಡೆದುಬಿಡ್ತಾರೆ. ಅವರನ್ನು ಬೈದರೆ ಪ್ರಯೋಜನ ಇಲ್ಲ. ಹಾಲು ಸ್ವಲ್ಪ ಇಳಿಯುತ್ತೆ, ಮತ್ತೆ ಸರಿಹೋಗುತ್ತೆ, ಆದರೆ 2013ರಲ್ಲಿ ಕಾಲುಬಾಯಿ ಜ್ವರ ಬಂದಾಗ ರಾಜ್ಯದಲ್ಲಿ ಸಾವಿರಾರು ರಾಸು ಸತ್ತವು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಇಳಿಯೋದನ್ನು ಮುಚ್ಚಿಟ್ಟರೆ ಮುಂದಿನ ಸಲ ನಿಮ್ಮ ಯಾವ ಮಾತನ್ನೂ ನಂಬಲ್ಲ.

ಇನ್ನು ಸರ್ಕಾರದ ಜೊತೆ ಮಾತಾಡೋ ರೀತಿ. ನಮ್ಮಲ್ಲಿ ಅದು ಅಂದರೆ ಮನವಿ ಪತ್ರ. ಹತ್ತು ಜನ ತಾಲ್ಲೂಕು ಕಚೇರಿಗೆ ಹೋಗಿ ಕೊಡ್ತಾರೆ, ಮಾರನೇ ದಿನ ಪೇಪರಿನಲ್ಲಿ ಫೋಟೋ ಬರುತ್ತೆ. ಒಳಗೆ ಏನಿರುತ್ತೆ? ಹಾಲಿಗೆ ನ್ಯಾಯವಾದ ಬೆಲೆ ಕೊಡಿ, ಮೇವು ಕೊಡಿ, ಡಾಕ್ಟರ್ ಕೊಡಿ, ಬಾಕಿ ಬಿಡುಗಡೆ ಮಾಡಿ. ಎಲ್ಲವೂ ನಿಜವೇ. ಆದರೆ ಅಧಿಕಾರಿ "ಪರಿಶೀಲಿಸಿ" ಅಂತ ಷರಾ ಬರೆದು ಕಳಿಸೋಕೆ ಹೇಳಿ ಮಾಡಿಸಿದ ಹಾಗಿರುತ್ತೆ.

ಹಾಲು ಹಾಕುವವರಿಗೆ ಸರ್ಕಾರ ಕೊಡೋ ಪ್ರೋತ್ಸಾಹಧನವನ್ನೇ ತಗೊಳ್ಳಿ. 2008ರಲ್ಲಿ ಲೀಟರಿಗೆ 2 ರೂಪಾಯಿ ಅಂತ ಶುರುವಾಯ್ತು, 2013ರಲ್ಲಿ 4 ಆಯ್ತು, ಆಮೇಲೆ 5. ಒಳ್ಳೆಯ ಯೋಜನೆ, ದುಡ್ಡು ನೇರ ನಮ್ಮ ಖಾತೆಗೇ ಬರುತ್ತೆ. ತೊಂದರೆ ಅಂದರೆ ತಿಂಗಳುಗಟ್ಟಲೆ ಬಾಕಿ ಉಳಿಯುತ್ತೆ. ಬಂದಾಗ ಯಾವ ತಿಂಗಳದ್ದು ಅಂತಲೂ ತಿಳಿಯಲ್ಲ. ದಿನಕ್ಕೆ 10 ಲೀಟರ್ ಹಾಕೋ ಮನೆಗೆ ತಿಂಗಳಿಗೆ 1,500 ರೂಪಾಯಿ ಅದು, ಸಣ್ಣ ದುಡ್ಡಲ್ಲ. ಬಾಕಿ ಬಿಡುಗಡೆ ಮಾಡಿ ಅಂತ ಬರೆಯೋದರ ಬದಲು, ನಮ್ಮ ಸಂಘದಲ್ಲಿ ಇಷ್ಟು ಸದಸ್ಯರು, ಇಂಥ ತಿಂಗಳಲ್ಲಿ ಇಷ್ಟು ಲೀಟರ್ ಹಾಕಿದ್ದಾರೆ, ಇಷ್ಟು ಸಾವಿರ ಬರಬೇಕು ಅಂತ ಕಾರ್ಯದರ್ಶಿ ಸಹಿ ಹಾಕಿ, ಆಡಳಿತ ಮಂಡಳಿಯ ನಿರ್ಣಯದ ನಕಲು ಲಗತ್ತಿಸಿ ಕಳಿಸಿ ನೋಡಿ. ಲೆಕ್ಕ ಎಲ್ಲ ಡೈರಿ ಕಂಪ್ಯೂಟರಿನಲ್ಲೇ ಇದೆ. ಒಂದು ತಾಲ್ಲೂಕಿನ ಎಲ್ಲ ಸಂಘದಿಂದ ಇಂಥ ಕಾಗದ ಹೋದರೆ, ಅದಕ್ಕೆ "ಪರಿಶೀಲಿಸಿ" ಅಂದು ಕೈ ತೊಳೆದುಕೊಳ್ಳೋದು ಸುಲಭ ಅಲ್ಲ.

ಮಾತು ಮುಟ್ಟೋದೇ ಇಲ್ಲ ಅಂತ ಕೈಚೆಲ್ಲಬೇಡಿ. 2019ರಲ್ಲಿ ಆರ್‌ಸಿಇಪಿ ಅನ್ನೋ, ಹಲವು ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದರೆ ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ನಾವು ಮುಳುಗ್ತೀವಿ ಅಂತ ದೇಶದ ಹಾಲು ಸಹಕಾರ ಸಂಸ್ಥೆಗಳು, ರೈತ ಸಂಘಟನೆಗಳು ಒಟ್ಟಾಗಿ ದನಿ ಎತ್ತಿದವು. ಆ ನವೆಂಬರ್ 4ರಂದು ಭಾರತ ಹೊರಗುಳಿಯಿತು. ಬೇರೆ ಕಾರಣಗಳೂ ಇದ್ದವು, ಒಪ್ಪುತ್ತೇನೆ. ಆದರೆ ಹೈನುಗಾರರ ಮಾತು ದೆಹಲಿವರೆಗೂ ಕೇಳಿಸಿತ್ತು. ಅಷ್ಟು ದೂರ ಕೇಳಿಸುವಾಗ ಹಾಸನಕ್ಕೆ ಕೇಳಿಸಲ್ವಾ?

ಕೇಳಿಸಬೇಕಾದರೆ ಮೊದಲು ಬರವಣಿಗೆಗೆ ಬರಬೇಕು. ಡೈರಿ ಸಾಲಲ್ಲಿ ಕ್ಯಾನು ಹಿಡಿದು ನಿಂತು ನಾವು ಆಡೋ ಮಾತು ಒಂದೂ ಸಂಘದ ಸಭೆಯ ಚರ್ಚೆ, ತೀರ್ಮಾನ ಬರೆದಿಡೋ ನಡಾವಳಿ ಪುಸ್ತಕದಲ್ಲಿ ಇಲ್ಲ. ಗಬ್ಬ ನಿಲ್ಲದೆ ಮೂರು ಮೂರು ಸಲ ಇಂಜೆಕ್ಷನ್ ಕೊಡಿಸಿದ್ದು, ಫೀಡಿನ ಮೂಟೆ ಹೊತ್ತಿಗೆ ಸಿಗದಿದ್ದದ್ದು, ಕರೆಂಟು ಹೋದ ದಿನ ಹಾಲು ಒಡೆದು ವಾಪಸ್ ಬಂದಿದ್ದು, ಎಲ್ಲ ಅಲ್ಲೇ ಹುಟ್ಟಿ ಅಲ್ಲೇ ಸಾಯ್ತವೆ. ವರ್ಷಕ್ಕೊಮ್ಮೆ ಮಹಾಸಭೆ ಆಗುತ್ತೆ. ಜಮಾ ಖರ್ಚು ಓದ್ತಾರೆ, ಬೋನಸ್ ಹೇಳ್ತಾರೆ, ಕೈ ಎತ್ತುತ್ತೇವೆ. ನೋಟಿಸಿನ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು" ಅಂತ ಇರುತ್ತೆ. ನಾವು ಮಾತಾಡಬೇಕಾದ ಜಾಗ ಅದೊಂದೇ. ಆ ಹೊತ್ತಿಗೆ ಊಟದ ಎಲೆ ಹಾಕಿರ್ತಾರೆ, ಸ್ಟೀಲ್ ಪಾತ್ರೆ ಹಂಚೋಕೆ ಸಾಲು ನಿಂತಿರುತ್ತೆ.

ಈ ಸೆಪ್ಟೆಂಬರಿನ ಸಭೆಗೆ ನಮ್ಮ ಮಾವನವರು ಬರವಣಿಗೆಯಲ್ಲಿ ಮೂರು ವಿಷಯ ಕೊಡ್ತಾರೆ: ಚೀಟಿಯಲ್ಲಿ ಸುದ್ದಿಯ ಸಾಲು, ಕರೆಯುವವರ ಫೋನ್ ನಂಬರು, ಪ್ರೋತ್ಸಾಹಧನದ ಬಾಕಿ ಲೆಕ್ಕ ಪ್ರತಿ ಬಟವಾಡೆಗೂ ಬೋರ್ಡಿನ ಮೇಲೆ. ಸಭೆಗೆ ಮುಂಚೆಯೇ ಕಾರ್ಯದರ್ಶಿಯವರಿಗೆ ಕೊಟ್ಟು ಸ್ವೀಕೃತಿ ತಗೊಳ್ತೇವೆ, ಇತರೆ ವಿಷಯಕ್ಕೆ ತಳ್ಳದೆ ಮೊದಲೇ ಚರ್ಚೆಗೆ ಇಡಿ ಅಂತ ಕೇಳ್ತೇವೆ. ಬೇಲೂರು, ಅರಸೀಕೆರೆ, ತರೀಕೆರೆ, ಮೂಡಿಗೆರೆ ಕಡೆಯವರು ಇದನ್ನು ಓದ್ತಾ ಇದ್ದರೆ ನಿಮ್ಮ ಡೈರಿಯಲ್ಲೂ ಇದೇ ಮೂರನ್ನು ಬರೆದು ಕೊಡಿ. ನಿಮ್ಮ ಕಡೆ ಬೇರೆ ತೊಂದರೆ ಇದ್ದರೆ ನಾಲ್ಕನೆಯದಾಗಿ ಅದನ್ನೂ ಸೇರಿಸಿ.