ಟೈರಲ್ಲ, ಚಿಪ್ಸು

ಅಮೆರಿಕದ ಕ್ಯಾನ್ಸಸ್ ರಾಜ್ಯ ಅಂದ್ರೆ ಸಪಾಟು, ಅಲ್ಲಿ ಏರೂ ಇಲ್ಲ ಇಳಿಜಾರೂ ಇಲ್ಲ ಅಂತ ಹೆಂಡತಿಗೆ ದೊಡ್ಡದಾಗಿ ಹೇಳಿದ್ದೆ. ಇಂಟರ್‌ಸ್ಟೇಟ್ 70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟಿದ್ದೆವು. ಕಾರು ಯಾಕೋ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಎಸಿಯನ್ನು ಬೈದೆ, ಎದುರುಗಾಳಿಯನ್ನು ಬೈದೆ, ಅವಳ ಎರಡನೇ ಸೂಟ್‌ಕೇಸನ್ನೂ ಬೈದೆ. ಅದೊಂದು ಬೈಬಾರದಿತ್ತು.

ಕೊಲರಾಡೋ ಗಡಿಯಲ್ಲಿ ಸುಮ್ನೆ ಫೋನ್ ತೆಗೆದು ಎತ್ತರ ನೋಡಿದೆ. ಹತ್ತಿರಹತ್ತಿರ 3,900 ಅಡಿ! ಹೊರಟ ಕ್ಯಾನ್ಸಸ್ ಸಿಟಿಯಲ್ಲಿ ಸಾವಿರದ ಒಳಗಿತ್ತು. ಸುಮಾರು 420 ಮೈಲಿ ಉದ್ದಕ್ಕೆ, ಮೈಲಿಗೆ ಏಳೇಳು ಅಡಿಯಂತೆ, ಆ ಸಪಾಟು ರಾಜ್ಯ ಸದ್ದಿಲ್ಲದೆ ನಮ್ಮನ್ನು 3,000 ಅಡಿ ಹತ್ತಿಸಿಬಿಟ್ಟಿತ್ತು. "ಪಾಪ ಸೂಟ್‌ಕೇಸು" ಅಂದಳು.

ಕೊಲರಾಡೋ ರಾಜಧಾನಿ ಡೆನ್ವರ್ ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ, 5,280 ಅಡಿ. ಅಲ್ಲಿನ ಶಾಸನಸಭೆಯ ಮೆಟ್ಟಿಲ ಮೇಲೆ ಆ ಗುರುತಿದೆ. ಒಂದಲ್ಲ, ಮೂರು. ಮೊದಲು 15ನೇ ಮೆಟ್ಟಿಲು ಅಂದರು, 1969ರಲ್ಲಿ 18ನೆಯದು ಅಂದರು, 2003ರಲ್ಲಿ ಅಳೆದು 13ಕ್ಕೆ ಇಳಿಸಿದರು. ಅಳತೆಯವರೇ ಹೀಗಾದರೆ ನಾನು ಕ್ಯಾನ್ಸಸ್ ವಿಷಯದಲ್ಲಿ ಎಡವಿದ್ದು ಯಾವ ಲೆಕ್ಕ?

ಮಜಾ ಇರುವುದು ಅಲ್ಲಿಂದ ಮುಂದೆ. ಸುಮಾರು 60 ಮೈಲಿಯಲ್ಲಿ ಇನ್ನೊಂದು 5,900 ಅಡಿ ಏರಬೇಕು, ರಾಕಿ ಪರ್ವತದ ಐಸೆನ್‌ಹೋವರ್ ಸುರಂಗಕ್ಕೆ. ಮೂರನೇ ಲೇನಿನಲ್ಲಿ ಲಾರಿಗಳು ಏದುಸಿರು ಬಿಡುತ್ತಾ ತೆವಳುತ್ತಿದ್ದವು. ಸುರಂಗ ಇನ್ನೇನು ಬಂತು ಅನ್ನುವಾಗ ಹಿಂದೆ ಢಂ ಅಂತ ಸದ್ದು.

"ರೀ, ಟೈರ್!"

ಎದೆ ಹೊಡೆದುಕೊಳ್ಳುತ್ತಾ ಪಕ್ಕಕ್ಕೆ ನಿಲ್ಲಿಸಿದೆ. ಇಳಿದು ನಾಲ್ಕೂ ಟೈರಿಗೆ ಒದ್ದು ನೋಡಿದೆ. ನಾಲ್ಕೂ ಗಟ್ಟಿ. ನನಗೇ ಉಸಿರು ಸಿಗುತ್ತಿರಲಿಲ್ಲ. ಬಗ್ಗಿ ಕಾರಿನ ಅಡಿ ನೋಡಿ ಎದ್ದವನಿಗೆ ಕಣ್ಣು ಕತ್ತಲೆ. ಹಿಂದಿನ ಬಾಗಿಲು ತೆಗೆದರೆ ಸೀಟಿನ ತುಂಬ ಆಲೂಗಡ್ಡೆ ಚಿಪ್ಸು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಅಷ್ಟೇ. ಒಳಗಿನ ಗಾಳಿ ಉಬ್ಬಿ ಉಬ್ಬಿ ಪ್ಯಾಕೆಟ್ ದಿಂಬಿನ ಹಾಗಾಗಿ, ಕೊನೆಗೆ ಹೊಲಿಗೆ ಬಿಟ್ಟಿತ್ತು. ಉಳಿದಿದ್ದ ಎರಡು ಪ್ಯಾಕೆಟ್‌ಗಳನ್ನು ಪಿನ್ ಚುಚ್ಚಿ ಸಮಾಧಾನ ಮಾಡಿದೆವು.

ಸುರಂಗದ ಆಚೆ ಬರೀ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲಿ ಅಂತ ರಸ್ತೆ ಪಕ್ಕ ಜಲ್ಲಿಯ ದಿಬ್ಬ ಮಾಡಿಟ್ಟಿದ್ದಾರೆ. ಅದನ್ನು ನೋಡಿ ನನ್ನ ಕಾಲು ಬ್ರೇಕ್ ಬಿಡಲೇ ಇಲ್ಲ. ಸುಟ್ಟ ವಾಸನೆ ಬಂದ ಮೇಲೆ ಗೇರ್ ಇಳಿಸಬೇಕು ಅನ್ನುವುದು ನೆನಪಾಯಿತು. ಈಗ ಒತ್ತಡ ಮತ್ತೆ ಏರುತ್ತಿತ್ತಲ್ಲ, ಮೇಲೆ ಕುಡಿದು ಮುಚ್ಚಳ ಬಿಗಿದಿದ್ದ ನೀರಿನ ಬಾಟಲಿ ಚಟಚಟ ಅಂತ ಮುದುಡಿಕೊಂಡಿತು. ನನ್ನ ಕಿವಿಯೂ ಮುಚ್ಚಿಹೋಯಿತು. ಅವಳು ಏನೋ ಕೇಳಿದಳು. ಏನು ಅಂತ ಮೂರು ಸಲ ಕೇಳಿ, ನಾಲ್ಕನೇ ಸಲ "ಹೂಂ" ಅಂದೆ.

ಕೆಳಗೆ ಬಂದು ಕಿವಿ ಬಿಟ್ಟ ಮೇಲೆ ಗೊತ್ತಾಯಿತು. ವಾಪಸ್ ಬರುವಾಗ ಸುರಂಗ ಬೇಡ, ಅದರ ಮೇಲಿನ ಲವ್‌ಲ್ಯಾಂಡ್ ಪಾಸ್ ಅನ್ನುವ ಬೆಟ್ಟದ ದಾರಿ ಹತ್ತಿಕೊಂಡೇ ಹೋಗೋಣ ಅಂತ ನಾನು ಒಪ್ಪಿದ್ದೆ. ಅದು 11,990 ಅಡಿ.